ವೇಕೆನ್ಸಿ ಇದೆಯಂತೆ!

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಪರೀಕ್ಷೆಗೆ ಓದುವ ಹುಡುಗರು ಟೀ ಅಂಗಡಿ ಮುಂದೆ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಆ ಇಲಾಖೇಲಿ ಸಾವಿರಾರು ವೇಕೆನ್ಸಿ ಇದೆಯಂತೆ ಕಣೋ, ಇನ್ನೇನು ಕಾಲ್‌ಫಾರ್ ಮಾಡ್ತಾರೆ.' ಆ 'ಇನ್ನೇನು' ನಂಬಿಕೊಂಡು ವರ್ಷಗಟ್ಟಲೆ ಕೂತವರಿದ್ದಾರೆ. ಸದನದಲ್ಲಿ ಮಂತ್ರಿಗಳು ಓದುವ ಖಾಲಿ ಹುದ್ದೆಗಳ ಲೆಕ್ಕ ಬೇರೆ, ನೀವು ಅರ್ಜಿ ಹಾಕಬಹುದಾದ ಹುದ್ದೆಗಳ ಲೆಕ್ಕ ಬೇರೆ.

ಸರ್ಕಾರ ಇಲಾಖೆಗೆ ಇಷ್ಟು ಹುದ್ದೆ ಅಂತ ಮಂಜೂರು ಮಾಡಿರುತ್ತದೆ. ನಿವೃತ್ತಿ, ಬಡ್ತಿ, ರಾಜೀನಾಮೆ, ಸಾವಿನಿಂದ ತೆರವಾದದ್ದು ವೇಕೆನ್ಸಿ. ಗುಮಾಸ್ತರು ರಜೆ ಹಾಕಿದ್ದರೆ, ಇಲ್ಲವೇ ಓಓಡಿ, ಅಂದರೆ ಅನ್ಯ ಕರ್ತವ್ಯದ ಮೇಲೆ ಬೇರೆ ಕಚೇರಿಯಲ್ಲಿದ್ದರೆ ಕುರ್ಚಿ ಖಾಲಿ ಕಾಣುತ್ತದೆ. ಸಂಬಳದ ಬಿಲ್ಲಿನಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ನಿಜವಾಗಿ ತೆರವಾದದ್ದರಲ್ಲೂ ಒಂದು ಪಾಲು ಒಳಗಿನವರದು. ಪ್ರಥಮ ದರ್ಜೆ ಸಹಾಯಕರ ಹುದ್ದೆ ದ್ವಿತೀಯ ದರ್ಜೆಯವರಿಗೆ ಬಡ್ತಿಯಲ್ಲೂ ಹೋಗುತ್ತದೆ. ಮಿಕ್ಕಿದ್ದಕ್ಕೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಅಲ್ಲಿ ಕಡತ ಮಲಗಿದರೆ ಏಳಿಸುವುದು ಸುಲಭವಲ್ಲ. ಅಲ್ಲಿಯವರೆಗೆ ಪ್ರಭಾರದವರೋ, ಅತಿಥಿ ಉಪನ್ಯಾಸಕರೋ, ಹೊರಗುತ್ತಿಗೆಯವರೋ ಕೆಲಸ ತೂಗಿಸುತ್ತಾರೆ. ಹೇಗೋ ನಡೆಯುತ್ತಿದೆಯಲ್ಲ ಅಂತಲೇ ಭರ್ತಿ ಮುಂದಕ್ಕೆ ಹೋಗುತ್ತದೆ ಅನ್ನೋದು ನನ್ನ ಗುಮಾನಿ.

ಹುದ್ದೆ ತೆರವಾದರೆ ಯಾರ ಪಾಲಿಗೆ ಅನ್ನುವ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ಬಿಟ್ಟರು.

ಈಗ ಆ ಪಾಲು ನಿಮಗೆ ಕಾಣುವುದು ಅಧಿಸೂಚನೆಯ ಕೋಷ್ಟಕದಲ್ಲಿ. ಮೇಲಿನ ದಪ್ಪಕ್ಷರದ ಒಟ್ಟು ಸಂಖ್ಯೆ ನೋಡಿ ಹಿಗ್ಗಬೇಡಿ, ಕೆಳಗಿಳಿಯಿರಿ. ಕಲ್ಯಾಣ ಕರ್ನಾಟಕ ವೃಂದದ ಹುದ್ದೆಗಳು ಸಂವಿಧಾನದ 371ಜೆ ವಿಧಿಯಡಿ ಆ ಭಾಗದವರಿಗೆ ಮೀಸಲು. ಮೈಸೂರು, ಮಂಡ್ಯದವರು ನೋಡಬೇಕಾದ್ದು ಉಳಿಕೆ ಮೂಲ ವೃಂದ, ಅಂದರೆ ಅದನ್ನು ಬಿಟ್ಟು ಮಿಕ್ಕ ಹುದ್ದೆಗಳು. ಬ್ಯಾಕ್‌ಲಾಗ್ ಅಂತ ಬರೆದಿದ್ದರೆ ಅದು ಹಿಂದೆ ತುಂಬದೆ ಉಳಿದ ಮೀಸಲು ಹುದ್ದೆ. ಆಮೇಲೆ ನಿಮ್ಮ ಪ್ರವರ್ಗ, ಅದರೊಳಗೆ ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ. ಸಾವಿರದಿಂದ ಶುರುವಾದದ್ದು ನಿಮ್ಮ ಸಾಲಿಗೆ ಬರುವಾಗ ಮೂರೋ ನಾಲ್ಕೋ ಆಗಿರುತ್ತದೆ. ನಿಮ್ಮ ಪೈಪೋಟಿ ಆ ಮೂರು ನಾಲ್ಕಕ್ಕೆ.

ಖಾಸಗಿಯಲ್ಲಿ ಇಷ್ಟು ಗೋಜಲಿಲ್ಲ. ನಮ್ಮ ಮೈಸೂರಿನ ಹೆಬ್ಬಾಳದ ಕಾರ್ಖಾನೆ ಗೇಟಿನಲ್ಲಿ 'ಕೆಲಸಗಾರರು ಬೇಕಾಗಿದ್ದಾರೆ' ಅಂತ ಬೋರ್ಡು ಬಿದ್ದರೆ ಒಳಗೆ ಹೋಗಿ ಕೇಳಿದರಾಯಿತು. 'ವೇಕೆನ್ಸಿ ಇದೆ, ಮೊದಲು ಡೆಪಾಸಿಟ್ ಕಟ್ಟಿ' ಅಂದರೆ ಮಾತ್ರ ಅಲ್ಲಿಂದಲೇ ವಾಪಸ್ ಬನ್ನಿ.

ಮಂಡ್ಯ, ಪಾಂಡವಪುರ ಕಡೆಯ ಹಳ್ಳಿ ಶಾಲೆಗಳಲ್ಲಿ ಓದಿದವರಿಗೆ ಇನ್ನೊಂದು ಮಾತು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಶೇಕಡ 25ರ ಗ್ರಾಮೀಣ ಮೀಸಲಾತಿ ಕೇಳಬಹುದು. ಅದರ ಪ್ರಮಾಣ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಅರ್ಜಿಯ ಕೊನೇ ದಿನ ಹತ್ತಿರ ಬಂದಾಗ ಬಿಇಓ ಕಚೇರಿ ಮುಂದೆ ಸಾಲು ನಿಲ್ಲುತ್ತದೆ. ಅಧಿಸೂಚನೆಗೆ ಕಾಯದೆ ಈಗಲೇ ಹೋಗಿ ಮಾಡಿಸಿಟ್ಟುಕೊಳ್ಳಿ.

ನಮಸ್ಕಾರ.