ಹಗರಿಯ ಕೆನ್ನೀರು: ಬತ್ತುವ ಹೊಳೆಯ ಬಗ್ಗಡ ಅಳೆಯುವ ಕೆಲಸ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮೂರು ಗಾಜಿನ ಜಾಡಿ ಇವೆ. ಮೂರರಲ್ಲೂ ಅಷ್ಟಷ್ಟೇ ನೀರು. ಮೊದಲನೆಯದಕ್ಕೆ ಒಂದು ಚಮಚ ಹೊಳೆ ಮರಳು ಹಾಕುತ್ತೇನೆ. ಎರಡನೆಯದಕ್ಕೆ ಒಂದು ಚಮಚ ಮಸಾರಿ ಮಣ್ಣು. ಮೂರನೆಯದಕ್ಕೆ ಒಂದು ಚಮಚ ಎರೆ ಮಣ್ಣು. ಈಗ ಮೂರನ್ನೂ ಚೆನ್ನಾಗಿ ಕಲಕೋಣ. ನೋಡಿ, ಮರಳು ಆಗಲೇ ತಳ ಸೇರಿತು, ಮೇಲಿನ ನೀರು ಹೆಚ್ಚು ಕಮ್ಮಿ ತಿಳಿ. ಎರೆ ಮಣ್ಣಿನ ಜಾಡಿಯ ಹಿಂದೆ ಬೆರಳು ಇಟ್ಟಿದ್ದೇನೆ, ನಿಮಗೆ ಕಾಣುತ್ತಿಲ್ಲ ಅಲ್ವಾ? ಹಾಕಿದ್ದು ಮೂರಕ್ಕೂ ಒಂದೊಂದೇ ಚಮಚ. ಜಾಡಿಗಳು ಹಾಗೇ ಇರಲಿ. ಇನ್ನೊಮ್ಮೆ ಅವುಗಳ ಹತ್ತಿರ ಬರೋಣ.

ನಾನು ಮಾತಾಡಬೇಕಿರುವುದು ನಮ್ಮ ವೇದಾವತಿಯ ಬಗ್ಗೆ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ, ಅವತಿ ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಮಾರಿಕಣಿವೆ ದಾಟಿ, ಹಿರಿಯೂರು ದಾಟಿ, ಚಳ್ಳಕೆರೆ ಸೀಮೆಗೆ ಬರುವಾಗ ಜನರ ಬಾಯಲ್ಲಿ ಅದು ಹಗರಿ. ಕೊನೆಗೆ ಬಳ್ಳಾರಿ ಕಡೆ ಹೋಗಿ ತುಂಗಭದ್ರೆ ಸೇರುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಅದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ. ಉಳಿದ ದಿನ ಹಗರಿ ಎಂದರೆ ಮರಳು ಮತ್ತು ಜಾಲಿ. ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ, ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷ. ಈ ಹೊಳೆಯ ಸ್ವಭಾವ ತಿಳಿಯಲು ಇದೊಂದೇ ಲೆಕ್ಕ ಸಾಕು.

ನೀರು ಕದಡಿರುವುದಕ್ಕೆ ಪ್ರಯೋಗಾಲಯದ ವರದಿಗಳು ಟರ್ಬಿಡಿಟಿ ಎನ್ನುತ್ತವೆ. ನಮ್ಮಲ್ಲಿ ಬಗ್ಗಡ ಎಂಬ ಒಳ್ಳೆಯ ಮಾತೇ ಇದೆ, ನಾನು ಅದನ್ನೇ ಬಳಸುತ್ತೇನೆ. ಅಳತೆಯ ಘಟಕ ಎನ್‌ಟಿಯು. ಕುಡಿಯುವ ನೀರಿನಲ್ಲಿ ಅದು 1 ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 5ರವರೆಗೆ ಇರಬಹುದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಹಳ್ಳ ಬಂದಾಗಿನ ಕೆನ್ನೀರಿನ ಲೆಕ್ಕ ಸಾವಿರಗಳಲ್ಲಿ.

ಅಳೆಯುವ ಉಪಾಯ ಹಳೆಯದು. 1865ರಲ್ಲಿ ರೋಮ್‌ನ ಪಾದ್ರಿಯೂ ಖಗೋಳ ವಿಜ್ಞಾನಿಯೂ ಆಗಿದ್ದ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು, ಎಷ್ಟು ಆಳದಲ್ಲಿ ಅದು ಕಣ್ಮರೆ ಆಗುತ್ತದೆ ಎಂದು ನೋಡಿದ. ಆಮೇಲೆ ಮೇಣದ ಬತ್ತಿಯ ಮೇಲೆ ಗಾಜಿನ ಕೊಳವೆ ಹಿಡಿದು, ಬತ್ತಿಯ ಉರಿ ಮಸುಕಾಗಿ ಮಾಯವಾಗುವ ತನಕ ನೀರು ಸುರಿದು ಅಳೆದರು. ಇವತ್ತಿನ ಸೆನ್ಸರ್ ನೀರಿನೊಳಗೆ ಬೆಳಕು ಬಿಟ್ಟು, ಕಣಗಳಿಗೆ ಬಡಿದು ಪಕ್ಕಕ್ಕೆ ಚದುರಿದ ಬೆಳಕನ್ನು ಅಳೆಯುತ್ತದೆ. ತುಂಬಿ ಹರಿಯುವ ದೊಡ್ಡ ನದಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ನಮ್ಮ ಹೊಳೆಗೆ ಹಾಗಲ್ಲ.

ಯಾಕೆ ಅಂದರೆ, ಹಳ್ಳ ಬರುವುದನ್ನು ದಡದಲ್ಲಿ ನಿಂತು ನೋಡಬೇಕು. ನಾನು ನೋಡಿದ್ದು ಒಂದು ರಾತ್ರಿ, ಸೇತುವೆಯ ಮೇಲಿನಿಂದ. ನಮ್ಮ ತಲೆಯ ಮೇಲೆ ಒಂದು ಹನಿ ಮಳೆ ಇರಲಿಲ್ಲ, ಮಳೆ ಆಗಿದ್ದು ಮೇಲಿನ ಊರುಗಳಲ್ಲಿ. ಮೊದಲು ಸದ್ದು ಬಂತು, ದೂರದಲ್ಲಿ ಲಾರಿ ಬಂದ ಹಾಗೆ. ಆಮೇಲೆ ಟಾರ್ಚಿನ ಬೆಳಕಿಗೆ ಒಂದು ಕಂದು ಅಂಚು ಕಂಡಿತು. ನೊರೆ, ಒಣ ಎಲೆ, ಕುರಿ ಹಿಕ್ಕೆ, ಜಾಲಿ ಕಡ್ಡಿ ಎಲ್ಲವನ್ನೂ ತಳ್ಳಿಕೊಂಡು ಒಣ ಮರಳಿನ ಮೇಲೆ ಹರಡುತ್ತಾ ಬಂತು. ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಬಿಟ್ಟು ಎತ್ತಿದೆವು. ಅದು ನೀರು ಅನ್ನುವುದಕ್ಕಿಂತ ರಾಗಿ ಅಂಬಲಿ ಅನ್ನಬೇಕು. ಎರಡು ಗಂಟೆ ಬಿಟ್ಟು ಎತ್ತಿದ ಬಾಟಲಿ ಎಷ್ಟೋ ತೆಳ್ಳಗಿತ್ತು, ಹೊಳೆ ಮಾತ್ರ ಇನ್ನೂ ಜೋರಾಗಿಯೇ ಹರಿಯುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಮೊಣಕಾಲುದ್ದ ನೀರು. ಮಾರನೆಯ ದಿನ ಮರಳಿನ ಗುಂಡಿಗಳಲ್ಲಿ ಮಾತ್ರ ನೀರು, ಅದೂ ತಿಳಿ.

ಈಗ ಯೋಚಿಸಿ. ಆ ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೋಗಿ ಒಂದು ಬಾಟಲಿ ತುಂಬಿಕೊಂಡು ಬಂದರೆ ನಮ್ಮ ಪುಸ್ತಕದಲ್ಲಿ ಏನು ದಾಖಲಾಗುತ್ತದೆ? ತಿಳಿ ನೀರಿನ ಹೊಳೆ! ಇಡೀ ವರ್ಷ ಹೊಲಗಳಿಂದ ಹೋಗುವ ಮಣ್ಣಿನ ದೊಡ್ಡ ಪಾಲು ಹೀಗೆ ಕೆಲವೇ ಗಂಟೆಗಳಲ್ಲಿ, ಎಷ್ಟೋ ಸಲ ಕತ್ತಲಲ್ಲಿ, ಹೋಗಿಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಬಿಸಿಲಿಗೆ ಪುಡಿಯಾದ ಮಣ್ಣು ಮೊದಲ ನೀರಿಗೇ ಎದ್ದು ಬರುತ್ತದೆ. ಹಾಗಾಗಿ ಹೊಳೆ ಏರುವಾಗ ಒಂದು ಮಟ್ಟದಲ್ಲಿ ಇರುವ ಬಗ್ಗಡ, ಇಳಿಯುವಾಗ ಅದೇ ಮಟ್ಟದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನೀರಿನ ಎತ್ತರ ನೋಡಿ ಮಣ್ಣಿನ ಲೆಕ್ಕ ಹೇಳುವವರು ಇಲ್ಲೇ ಎಡವುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಸೆಕೆಂಡಿಗೆ 100 ಘನ ಮೀಟರ್ ನೀರು ಹರಿಯುತ್ತಿದೆ, ಲೀಟರಿಗೆ 20 ಗ್ರಾಂ ಮಣ್ಣು ಇದೆ ಎಂದುಕೊಳ್ಳಿ. ಆಗ ಸೆಕೆಂಡಿಗೆ 2 ಟನ್ ಮಣ್ಣು ಹೋಗುತ್ತದೆ. ಎರಡು ಸೆಕೆಂಡಿಗೆ ಹೆಚ್ಚು ಕಮ್ಮಿ ಒಂದು ಟ್ರ್ಯಾಕ್ಟರ್ ಲೋಡು. ಈ ಮಣ್ಣು ಎಲ್ಲಾದರೂ ಕೂರಲೇಬೇಕು. ನಮ್ಮ ಕೆರೆಗಳ ಹೂಳು ಇದೇ. ಪಕ್ಕದ ತುಂಗಭದ್ರಾ ಜಲಾಶಯವನ್ನೇ ನೋಡಿ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಬಂದಿದೆ. ರೈತರ ಎಷ್ಟು ಬೆಳೆಯ ನೀರು ಅದು! ನನಗೆ ಈ ವಿಷಯ ಮನಸ್ಸಿಗೆ ನಾಟಿದ್ದು ಅಲ್ಲಿಂದಲೇ.

ಸೆನ್ಸರ್ ಕಟ್ಟಿ ಬಂದರೆ ಆಯಿತಲ್ಲ ಎಂದು ಕೇಳುತ್ತೀರಿ. ನಾವೂ ಕಟ್ಟಿದೆವು. ಎತ್ತರದಲ್ಲಿ ಕಟ್ಟಿದರೆ ಸಣ್ಣ ಹಳ್ಳ ಮುಟ್ಟುವುದಿಲ್ಲ, ತಗ್ಗಿನಲ್ಲಿ ಕಟ್ಟಿದರೆ ಮರಳಿನಲ್ಲಿ ಹೂತು ಹೋಗುತ್ತದೆ. ನೀರಿಲ್ಲದ ತಿಂಗಳುಗಳಲ್ಲಿ ಅದರ ಕಣ್ಣಿನ ಮೇಲೆ ಕೆಸರು ಒಣಗಿ ಗಟ್ಟಿಯಾಗುತ್ತದೆ. ಗುಂಡಿಯಲ್ಲಿ ನಿಂತ ನೀರಿಗೆ ಪಾಚಿ ಕಟ್ಟಿದರೆ, ಮಣ್ಣೇ ಇಲ್ಲದಿದ್ದರೂ ಬಗ್ಗಡ ಇದೆ ಎನ್ನುತ್ತದೆ. ಇವೆಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ಇನ್ನೊಂದು. ಮಣ್ಣು ಒಂದು ಮಿತಿ ಮೀರಿದರೆ, ಚದುರಿದ ಬೆಳಕು ಸೆನ್ಸರ್‌ಗೆ ವಾಪಸು ಬರುವ ಮೊದಲೇ ನೀರಿನಲ್ಲೇ ಇಂಗಿಹೋಗುತ್ತದೆ. ಆಗ ಗ್ರಾಫ್ ಏರುವ ಬದಲು ಇಳಿಯುತ್ತದೆ. ಹೊಳೆ ಅಂಬಲಿಯಂತೆ ಹರಿಯುತ್ತಿರುವ ಗಳಿಗೆಯಲ್ಲೇ ನೀರು ತಿಳಿಯಾಯಿತು ಎಂದು ಯಂತ್ರ ಬರೆದಿರುತ್ತದೆ. ಮೊದಲ ಸಲ ನಾವು ಅದನ್ನು ನಂಬಿದ್ದೆವು. ಅದೇ ರಾತ್ರಿಯ ಬಾಟಲಿಗಳನ್ನು ಸೋಸಿ ತೂಗಿದ ಮೇಲೆಯೇ ತಪ್ಪು ಗೊತ್ತಾಗಿದ್ದು.

ಜಾಡಿಗಳಿಗೆ ಬರೋಣ. ಒಂದೇ ಚಮಚ ಮಣ್ಣು, ಮೂರು ಬಗೆಯ ಬಗ್ಗಡ. ನುಣ್ಣನೆಯ ಕಣ ತೂಕಕ್ಕೆ ಹೋಲಿಸಿದರೆ ಬೆಳಕನ್ನು ಜಾಸ್ತಿ ಚದುರಿಸುತ್ತದೆ, ಮರಳು ಕಡಿಮೆ. ಮಣ್ಣಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಎನ್‌ಟಿಯು ನೋಡಿ ಇಷ್ಟು ಗ್ರಾಂ ಎಂದು ಹೇಳುವ ಒಂದೇ ಸೂತ್ರ ಎಲ್ಲ ಹೊಳೆಗೂ ಹೊಂದುವುದಿಲ್ಲ. ವೇದಾವತಿಗೆ ಸೇರುವ ಸುವರ್ಣಮುಖಿ ಹೊಳೆಯ ನೀರಿಗೆ ಬೇರೆ, ಎರೆ ಹೊಲಗಳ ಹಳ್ಳಕ್ಕೆ ಬೇರೆ. ಕೋಡಿ ನೀರಿಗಂತೂ ಪೂರ್ತಿ ಬೇರೆ, ಅದರ ಮಣ್ಣು ಬಹುಪಾಲು ಜಲಾಶಯದಲ್ಲೇ ಕೂತಿರುತ್ತದೆ. ಆಯಾ ಜಾಗದ ನೀರನ್ನು ತಂದು, ಸೋಸು ಕಾಗದದಲ್ಲಿ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ, ತೂಗಿಯೇ ಸೂತ್ರ ಕಟ್ಟಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ರಾತ್ರಿಯೆಲ್ಲ ಯಾರು ಕಾಯಬೇಕು? ಅದಕ್ಕೊಂದು ಸರಳ ಉಪಾಯ ಇದೆ. ಒಂದು ಕಬ್ಬಿಣದ ಕಂಬಕ್ಕೆ ಗೇಣಿಗೊಂದರಂತೆ ಬಾಟಲಿ ಕಟ್ಟಿ. ಪ್ರತಿ ಬಾಟಲಿಯ ಬಿರಡೆಗೆ ಎರಡು ಬಗ್ಗಿದ ಕೊಳವೆ, ಒಂದು ನೀರು ಒಳಗೆ ಬರಲು, ಒಂದು ಗಾಳಿ ಹೊರಗೆ ಹೋಗಲು. ಹೊಳೆ ಆ ಮಟ್ಟಕ್ಕೆ ಏರಿದಾಗ ಬಾಟಲಿ ತಾನೇ ತುಂಬಿಕೊಳ್ಳುತ್ತದೆ. ಏರುವ ನೀರಿನ, ಅಂದರೆ ನಾವು ತಪ್ಪಿಸಿಕೊಳ್ಳುತ್ತಿದ್ದ ಆ ಮೊದಲ ಗಂಟೆಯ ಮಾದರಿ ಕೈಗೆ ಸಿಗುತ್ತದೆ. ಇಳಿಯುವ ನೀರಿನದು ಸಿಗುವುದಿಲ್ಲ. ಅದಕ್ಕೆ ಸೇತುವೆ ಮೇಲಿನಿಂದ ಹಗ್ಗವೇ ಗತಿ. ಯಾರೂ ಹೊಳೆಗೆ ಇಳಿಯಬೇಡಿ, ಮೊಣಕಾಲುದ್ದ ನೀರಿಗೂ ಇಳಿಯಬೇಡಿ.

ಇನ್ನೊಂದು ಮಾತು ಇಲ್ಲಿನ ಹುಡುಗರಿಗೆ, ಹುಡುಗಿಯರಿಗೆ. ಕೆನ್ನೀರನ್ನು ನೇರವಾಗಿ ಅಳೆಯಲು ಆಗುವುದಿಲ್ಲ, ತೆಳ್ಳಗೆ ಮಾಡಿ ಅಳೆಯಬೇಕು. ಅದಕ್ಕೆ ಬೋರ್‌ವೆಲ್ ನೀರು ಬೆರೆಸಬೇಡಿ. ನಮ್ಮ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಜೇಡಿ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಅವು ಗುಂಪಾಗಿ ತಳಕ್ಕೆ ಇಳಿದು ಲೆಕ್ಕ ಕೆಡುತ್ತದೆ. ಬಟ್ಟಿ ಇಳಿಸಿದ ನೀರು ಬಳಸಿ. ಅಳೆಯುವ ಮೊದಲು ಬಾಟಲಿಯನ್ನು ಕುಲುಕುವುದು ಮರೆಯಬೇಡಿ. ಸಿಕ್ಕಿದ ದಿನ, ಕಂಬದ ಮಟ್ಟ, ಗಂಟೆ, ಮೂರನ್ನೂ ಬಾಟಲಿಯ ಮೇಲೇ ಬರೆಯಿರಿ. ಚೀಟಿ ನೆಂದು ಉದುರುತ್ತದೆ, ಮಾರ್ಕರ್ ಪೆನ್ನು ಉಳಿಯುತ್ತದೆ.

ಎರಡು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಐನೂರನೇ ಒಂದು ಪಾಲಿನ, ಜೇಡಿ ಕಣ ನಿಂತ ನೀರಿನಲ್ಲಿ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ಬೇಕು. ಈ ಮೂರು ಜಾಡಿಗಳನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ಯಾರೂ ಅಲುಗಾಡಿಸಬೇಡಿ. ನಾಳೆ ಬೆಳಿಗ್ಗೆ ಕಾಲೇಜಿಗೆ ಬಂದ ತಕ್ಷಣ ಎರೆ ಮಣ್ಣಿನ ಜಾಡಿಯ ಹಿಂದೆ ಬೆರಳು ಇಟ್ಟು ನೋಡಿ.