ಹಾಳೆ ಹೆಕ್ಕೋದು ಯಾರು? | ನಮ್ಮ ಬಿ-ಪ್ಲಾನ್ ಸ್ಪರ್ಧೆಯ ಕಥೆ

ಬೆಳಿಗ್ಗೆ ಆರೂವರೆ. ನೀವು ನೋಡ್ತಾ ಇರೋದು ತೀರ್ಥಹಳ್ಳಿ ಹತ್ತಿರ ಇರೋ ನಮ್ಮ ಚಿಕ್ಕಮ್ಮನ ಮನೆ ಅಡಿಕೆ ತೋಟ. ವಿಡಿಯೊ ಸ್ವಲ್ಪ ಅಲ್ಲಾಡುತ್ತೆ, ಯಾಕಂದ್ರೆ ಒಂದು ಕೈಯಲ್ಲಿ ಈ ಫೋನು, ಇನ್ನೊಂದು ಕೈಯಲ್ಲಿ ಸ್ಟಾಪ್‌ವಾಚ್ ಓಡ್ತಿರೋ ಇನ್ನೊಂದು ಫೋನು. ಮುಂದೆ ಹೋಗ್ತಿರೋದು ಚಿಕ್ಕಮ್ಮ. ತಲೆಗೆ ಟವೆಲ್, ಕೈಯಲ್ಲಿ ಕತ್ತಿ. ಬಿದ್ದಿರೋ ಸೋಗೆ, ಅಂದ್ರೆ ಅಡಿಕೆ ಗರಿ ಹತ್ರ ಬಗ್ಗಿ, ಒಂದೇ ಏಟಿಗೆ ಹಾಳೆ ಬೇರೆ, ಸೋಗೆ ಬೇರೆ ಮಾಡ್ತಾರೆ. ಹಾಳೆ ಅಂದ್ರೆ ಗರಿಯ ಬುಡದಲ್ಲಿ ಮರಕ್ಕೆ ಸುತ್ಕೊಂಡಿರೋ ಅಗಲವಾದ ಪೊರೆ. ಹಾಳೆ ತಿರುಗಿಸಿ ನೋಡ್ತಾರೆ. ಒಳಗೆ ನಿಂತ ಇಬ್ಬನಿ ನೀರು ಚೆಲ್ಲಿ ಕಂಕುಳಿಗೆ ಸಿಕ್ಕಿಸ್ಕೋತಾರೆ. ಸೀಳಿದ್ದಿದ್ರೆ ಅಲ್ಲೇ ಮರದ ಬುಡಕ್ಕೆ ಎಸೀತಾರೆ. ಆಮೇಲೆ ಮುಂದಿನ ಮರ.

ಇಪ್ಪತ್ತೆರಡು ವರ್ಷದಿಂದ ನಾನು ಈ ತೋಟಕ್ಕೆ ಬರ್ತಿದ್ದೀನಿ. ಈ ಕೆಲಸವನ್ನ ಕಣ್ಣಿಟ್ಟು ನೋಡಿದ್ದು ಇವತ್ತೇ ಮೊದಲು. ನೋಡೋ ಹಾಗೆ ಮಾಡಿದ್ದು ಒಂದು ಸ್ಪರ್ಧೆ. ಅದರ ಕಥೆ ಹೇಳ್ತೀನಿ.

ನಾನು ಎಂಬಿಎ ಕೊನೇ ವರ್ಷದಲ್ಲಿದ್ದೀನಿ. ನಮ್ಮ ವಿಶ್ವವಿದ್ಯಾಲಯದಲ್ಲಿ ಬಿ-ಪ್ಲಾನ್, ಅಂದ್ರೆ ಬಿಸಿನೆಸ್ ಪ್ಲಾನ್ ಸ್ಪರ್ಧೆ ಅಂತ ನೋಟಿಸ್ ಬಂದಾಗ ನವೆಂಬರ್. ನಾಲ್ಕು ಜನದ ಟೀಮ್ ಇರಬೇಕು, ಮೊದಲು ಎರಡು ಪುಟದ ಸಾರಾಂಶ ಕಳಿಸಬೇಕು, ಸೆಲೆಕ್ಟ್ ಆದ್ರೆ ಫೈನಲ್‌ನಲ್ಲಿ 7 ನಿಮಿಷ ಪಿಚ್, 5 ನಿಮಿಷ ಪ್ರಶ್ನೋತ್ತರ. ನಮ್ಮ ಟೀಮಲ್ಲಿ ನಾನು, ಭದ್ರಾವತಿಯ ನನ್ನ ರೂಮ್‌ಮೇಟ್, ಎಕ್ಸೆಲ್‌ನಲ್ಲಿ ಕೈ ಓಡೋ ದಾವಣಗೆರೆ ಹುಡುಗ, ಮತ್ತೆ ಹೊಸನಗರದ ಕಡೆಯ ಇನ್ನೊಬ್ಬ. ಅವನು ಮಾತು ಕಡಿಮೆ, ಆದ್ರೆ ಅವನ ಮನೇಲೂ ತೋಟ ಇದೆ.

ನಮಗೆ ಗೈಡ್ ಮಾಡಿದ ಸರ್ ಮೊದಲ ದಿನವೇ ಒಂದು ವಿಷಯ ಹೇಳಿದ್ರು, ಅದು ನಂಗೆ ತುಂಬಾ ಹಿಡಿಸ್ತು. ಇಂಥ ಸ್ಪರ್ಧೆಗಳು ಹುಟ್ಟಿದ್ದು 1984ರಲ್ಲಂತೆ, ಅಮೆರಿಕದ ಆಸ್ಟಿನ್‌ನಲ್ಲಿರೋ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಕಾನೂನು ವಿದ್ಯಾರ್ಥಿಗಳಿಗೆ ಮೂಟ್ ಕೋರ್ಟ್ ಅಂತ ಅಣಕು ನ್ಯಾಯಾಲಯ ನಡೆಯುತ್ತಲ್ಲ, ಅದನ್ನ ನೋಡಿ ಬಿಸಿನೆಸ್ ವಿದ್ಯಾರ್ಥಿಗಳು ‘ಮೂಟ್ ಕಾರ್ಪ್’ ಅಂತ ಶುರು ಮಾಡಿದ್ರು. ಆಮೇಲೆ 1990ರಲ್ಲಿ ಅಮೆರಿಕದ್ದೇ ಇನ್ನೊಂದು ವಿಶ್ವವಿದ್ಯಾಲಯ ಎಂಐಟಿಯಲ್ಲಿ 10 ಸಾವಿರ ಡಾಲರ್ ಬಹುಮಾನದ ಸ್ಪರ್ಧೆ ಬಂತು, ಅದೇ ಇವತ್ತು 1 ಲಕ್ಷ ಡಾಲರ್ ಸ್ಪರ್ಧೆ ಆಗಿದೆ. ಸರ್ ಹೇಳಿದ್ದು ಇಷ್ಟು: ‘ಇದು ಕೋರ್ಟು ಅಂತ್ಲೇ ತಿಳ್ಕೊಳ್ಳಿ. ಪಿಚ್ ನಿಮ್ಮ ವಾದ. ಆದ್ರೆ ಕೇಸು ನಿಲ್ಲೋದು, ಬೀಳೋದು ಪಾಟೀಸವಾಲಲ್ಲಿ.’ ಈ ಮಾತು ನೆನಪಿಟ್ಕೊಳ್ಳಿ.

ಐಡಿಯಾಕ್ಕೆ ನಾವು ಜಾಸ್ತಿ ತಲೆ ಕೆಡಿಸ್ಕೊಳ್ಳಲಿಲ್ಲ. ಹಾಳೆ ತಟ್ಟೆ. ಮಲೆನಾಡಿನವರಿಗೆ ಇದರಲ್ಲಿ ಹೊಸದೇನಿಲ್ಲ, ಆದ್ರೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಂದೇ ಸಲ ಬಳಸಿ ಬಿಸಾಕೋ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧ ಆಯ್ತಲ್ಲ, ಆವತ್ತಿಂದ ಬೇಡಿಕೆ ಇದೆ. ಮದುವೆ, ಗೃಹಪ್ರವೇಶ, ಜಾತ್ರೆ ಊಟ. ಕೇಟರಿಂಗ್‌ನವರಿಗೆ ನೇರ ಕೊಡೋದು ನಮ್ಮ ಪ್ಲಾನ್.

ಸಾಗರದ ಹತ್ತಿರ ಒಂದು ಸಣ್ಣ ಘಟಕಕ್ಕೆ ಹೋಗಿದ್ವಿ. ಈಗ ಬರ್ತಿರೋ ಕ್ಲಿಪ್ ಅಲ್ಲಿಯದೇ. ಒಣಗಿದ ಹಾಳೆಯನ್ನ ಮೊದಲು ತೊಟ್ಟಿ ನೀರಲ್ಲಿ ಅರ್ಧ ಗಂಟೆ ನೆನೆಸ್ತಾರೆ. ಗಡುಸಾಗಿ ಸೆಟೆದುಕೊಂಡಿದ್ದ ಹಾಳೆ ಚಕ್ಕಳದ ಥರ ಮೆತ್ತಗಾಗುತ್ತೆ. ಬ್ರಷ್ ಹಾಕಿ ಉಜ್ಜಿ ಮಣ್ಣು ತೆಗೆದು, ನೀರು ಸೋರೋಕೆ ನಿಲ್ಲಿಸಿ, ಆಮೇಲೆ ಕಾದ ಅಚ್ಚಿಗೆ. ಮೇಲಿನ ಅಚ್ಚು ಇಳಿದ ತಕ್ಷಣ ಚುಂಯ್ ಅಂತ ಹಬೆ ಏಳುತ್ತೆ. ಒಂದು ನಿಮಿಷ ಆಗೋ ಹೊತ್ತಿಗೆ ತಟ್ಟೆ. ಅಂಟಿಲ್ಲ, ಬಣ್ಣ ಇಲ್ಲ. ಆ ಬಿಸಿ ತಟ್ಟೆ ಕೈಗೆ ಕೊಟ್ರು. ಅದರ ವಾಸನೆ ನನ್ನನ್ನ ಸೀದಾ ಅಜ್ಜಿ ಮನೆ ಬಚ್ಚಲೊಲೆ ಮುಂದೆ ತಗೊಂಡು ಹೋಯ್ತು. ಬೆಳಗಿನ ಹೊತ್ತು ಒಲೆಗೆ ಹಾಕ್ತಿದ್ದ ಸೋಗೆ, ಹಾಳೆಯ ವಾಸನೆ ಅದು. ದಾವಣಗೆರೆ ಹುಡುಗ ಮಾತ್ರ ಒಂದು ತಟ್ಟೆಗೆ ಎಷ್ಟು ಸೆಕೆಂಡು ಅಂತ ಎಣಿಸ್ತಾ ನಿಂತಿದ್ದ. ಅಷ್ಟೂ ಸಲ ಎಣಿಸಿ ಬರ್ಕೊಂಡ.

ಅವನು ಮಾಡಿದ ಲೆಕ್ಕ ನಿಮ್ಮ ಸ್ಕ್ರೀನ್ ಮೇಲಿದೆ. 10 ಇಂಚಿನ ಒಂದು ತಟ್ಟೆಗೆ ಕರೆಂಟು 35 ಪೈಸೆ. ಮೆಷಿನ್ ಮೇಲೆ ಕೂರೋರ ಕೂಲಿ 60 ಪೈಸೆ. ಪ್ಯಾಕಿಂಗ್ 15. ಸಾಗಾಟ 20. ಮೆಷಿನ್ ಸವಕಳಿ 20. ಒಟ್ಟು 1 ರೂಪಾಯಿ 50 ಪೈಸೆ. ಕೇಟರಿಂಗ್‌ನವರು ಕೊಡ್ತೀವಿ ಅಂದಿದ್ದು 3 ರೂಪಾಯಿ. ಅರ್ಧಕ್ಕರ್ಧ ಉಳಿಯುತ್ತೆ. ಮೊದಲನೇ ಸಾಲು ನೋಡಿ: ‘ಕಚ್ಚಾವಸ್ತು: ಅಡಿಕೆ ಹಾಳೆ, 0’. ಹಾಳೆ ತಾನಾಗೇ ಉದುರುತ್ತೆ, ಯಾರೂ ಮರ ಕಡೀಬೇಕಾಗಿಲ್ಲ, ಹಾಗಾಗಿ ಸೊನ್ನೆ. ಈ ಸಾಲಿನ ಬಗ್ಗೆ ನಮ್ಮ ನಾಲ್ಕು ಜನದಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಮನೇಲೇ ತೋಟ ಇರೋ ನಮ್ಮಿಬ್ಬರಿಗೂ ಬರಲಿಲ್ಲ.

ಸರ್ ಕೇಳಿದ್ದು ಬೇರೆ ಪ್ರಶ್ನೆ. ‘ಒಂದು ತೋಟದಿಂದ ಎಷ್ಟು ಹಾಳೆ ಸಿಗುತ್ತೆ?’ ಕೂತು ಲೆಕ್ಕ ಹಾಕಿದ್ವಿ. ಎಕರೆಗೆ ಸುಮಾರು 550 ಮರ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತೆ. ಚಿಕ್ಕಮ್ಮನ ಒಂದೂವರೆ ಎಕರೆಗೆ ವರ್ಷಕ್ಕೆ ಹತ್ತಿರ ಹತ್ತಿರ 5,000 ಹಾಳೆ. ನಮ್ಮ ಮೆಷಿನ್ ದಿನಕ್ಕೆ 700 ತಟ್ಟೆ ಒತ್ತಿದ್ರೆ ಒಂದು ವರ್ಷದ ಹಾಳೆ ಒಂದೇ ವಾರಕ್ಕೆ ಖಾಲಿ! ಅಂದ್ರೆ ನಮಗೆ ಒಂದು ತೋಟ ಸಾಲಲ್ಲ, ಅಂಥ 40 ತೋಟ ಬೇಕು. ಅದೂ ಎಲ್ಲ ಬೇಸಿಗೆಯಲ್ಲೇ ಸೇರಿಸಿಟ್ಕೋಬೇಕು. ಮಳೆ ಹಿಡಿದ ಮೇಲೆ ನೆಂದ ಹಾಳೆಗೆ ಎರಡು ದಿನದಲ್ಲಿ ಬೂಸು ಬರುತ್ತೆ, ಅದನ್ನ ಯಾರ ಊಟಕ್ಕೂ ಇಡೋಕಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೆಷಿನ್ ಓಡಬೇಕು ಅಂದ್ರೆ ಮೇ ತಿಂಗಳ ಒಳಗೆ ಅಟ್ಟ ತುಂಬಿರಬೇಕು. ಇದನ್ನ ಸ್ಲೈಡ್‌ಗೆ ಹಾಕಿದ್ವಿ, ಮತ್ತೆ ಈ ಸ್ಲೈಡ್ ಬಗ್ಗೆ ನಂಗೆ ಇವತ್ತಿಗೂ ಹೆಮ್ಮೆ ಇದೆ.

ಫೈನಲ್‌ಗೆ ಒಂದು ವಾರ ಇದ್ದಾಗ ಇನ್ನೊಂದು ಏಟು. ನಮ್ಮ ಕೊನೇ ಸ್ಲೈಡ್ ಅಮೆರಿಕಕ್ಕೆ ರಫ್ತು. ಹಳೇ ರಿಪೋರ್ಟ್‌ಗಳನ್ನ ನೋಡಿ ಮಾಡಿದ್ದು. ರಾತ್ರಿ ಹನ್ನೊಂದಕ್ಕೆ ರೂಮ್‌ಮೇಟ್ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಗಳನ್ನ ಆಹಾರಕ್ಕೆ ಬಳಸೋ ಹಾಗಿಲ್ಲ ಅಂತ ಹೇಳಿದೆ. ಅಡಿಕೆಯಲ್ಲಿರೋ ಅರೆಕೋಲಿನ್‌ನಂಥ ಅಂಶ ತಟ್ಟೆಯಿಂದ ಊಟಕ್ಕೆ ಇಳೀಬಹುದು ಅನ್ನೋದು ಅವರ ಆತಂಕ. ಆ ಸ್ಲೈಡ್ ತೆಗೀಬೇಕೋ, ಸುಮ್ನೆ ಬಿಡ್ಬೇಕೋ ಅಂತ ಬೆಳಗಿನ ಜಾವದ ತನಕ ವಾದ ಮಾಡಿದ್ವಿ. ಕೊನೆಗೆ ತೆಗೆದು, ಅದರ ಜಾಗದಲ್ಲಿ ಎಫ್‌ಡಿಎ ಹೇಳಿದ್ದನ್ನೇ ಹಾಕಿ, ನಮ್ಮ ತಟ್ಟೆಯನ್ನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸೋಕೆ ದುಡ್ಡು ತೆಗೆದಿಟ್ಟಿದ್ದೀವಿ ಅಂತ ತೋರಿಸಿದ್ವಿ. ನಾವು ಇಷ್ಟಪಟ್ಟ ವಸ್ತುವಿನ ಬಗ್ಗೆ ಕೆಟ್ಟ ಸುದ್ದಿಯನ್ನ ನಾವೇ ಎದ್ದು ನಿಂತು ಹೇಳೋದು ಸುಲಭ ಇರಲಿಲ್ಲ. ಹೇಳಿದ್ದು ಒಳ್ಳೇದಾಯ್ತು.

ಫೈನಲ್ ದಿನ. 42 ಟೀಮ್‌ಗಳಲ್ಲಿ 8 ಉಳಿದಿದ್ವಿ. ಹೊರಗೆ ಕಾರಿಡಾರ್‌ನಲ್ಲಿ ಎಲ್ಲರೂ ಗೋಡೆ ಕಡೆ ಮುಖ ಮಾಡ್ಕೊಂಡು ಮಾತು ಕಂಠಪಾಠ ಮಾಡ್ತಿದ್ದಾರೆ. ಒಬ್ಬ ಹುಡುಗ ಬಾಡಿಗೆಗೆ ತಂದ ಕೋಟಿನ ತೋಳನ್ನ ಮೇಲೆ ಮಡಚ್ತಿದ್ದ, ಉದ್ದ ಆಗಿತ್ತು ಅವನಿಗೆ. ನಮಗಿಂತ ಮೊದಲು ಹೋದವಳು ಚಿತ್ರದುರ್ಗ ಕಡೆಯ ಹುಡುಗಿ. ಅವರ ಅಪ್ಪನದು ಶೇಂಗಾ ಎಣ್ಣೆ ಗಾಣ. ಅವಳ ಕೈಯಲ್ಲಿ ಪಿಪಿಟಿ ರಿಮೋಟ್ ಜೊತೆ ಒಂದು ಹಳೇ ನೋಟ್‌ಬುಕ್ ಇತ್ತು, ಅಂಚೆಲ್ಲ ಎಣ್ಣೆ ಕುಡಿದು ಪಾರದರ್ಶಕ ಆಗಿತ್ತು. ಜಡ್ಜ್ ಕೇಳಿದ್ರು, ‘ಉದ್ರಿ ಎಷ್ಟಿದೆ? ಯಾವಾಗ ವಾಪಸ್ ಬರುತ್ತೆ?’ ಅವಳು ನೋಟ್‌ಬುಕ್ ತೆಗೆದು, ಯಾವ್ಯಾವ ಊರಲ್ಲಿ ಎಷ್ಟೆಷ್ಟು ಅಂತ ಓದಿ, ‘ಸುಗ್ಗಿ ಆದ್ಮೇಲೆ ಬರುತ್ತೆ ಸರ್. ಅಲ್ಲಿತನಕ ಶೇಂಗಾ ಕೊಳ್ಳೋಕೆ ಕೈಸಾಲ ಬೇಕು, ಅದಕ್ಕೇ ನಾವು ಈ ಹಣ ಕೇಳ್ತಿರೋದು’ ಅಂದ್ಲು. ಬಾಗಿಲ ಹತ್ರ ನಿಂತು ಕೇಳ್ತಿದ್ದ ನನಗೆ, ವರ್ಕಿಂಗ್ ಕ್ಯಾಪಿಟಲ್, ಅಂದ್ರೆ ದಿನದಿನದ ವ್ಯವಹಾರ ನಡೆಸೋಕೆ ಬೇಕಾದ ದುಡ್ಡು ಅಂತ ಎರಡು ವರ್ಷ ಓದಿದ್ದು ಆವಾಗ ಅರ್ಥ ಆಯ್ತು.

ನಮ್ಮ ಪಿಚ್ ಚೆನ್ನಾಗೇ ಹೋಯ್ತು. 6 ನಿಮಿಷ 50 ಸೆಕೆಂಡ್. ತಟ್ಟೆಗೆ ಬಿಸಿ ಸಾರು ಹಾಕಿ ತೋರಿಸಿದ್ವಿ, ಒಂದು ಹನಿ ಸೋರಲಿಲ್ಲ. ಮಳೆಗಾಲದ ಸ್ಲೈಡ್‌ಗೆ ಒಬ್ಬ ಜಡ್ಜ್ ತಲೆ ಆಡಿಸಿದ್ರು.

ಆಮೇಲೆ ಪಾಟೀಸವಾಲು. ಮಧ್ಯದಲ್ಲಿ ಕೂತಿದ್ದ ಮೇಡಂ ಒಬ್ಬರು, ಬ್ಯಾಂಕಿನಲ್ಲಿ ಸ್ವಸಹಾಯ ಸಂಘಗಳ ಸಾಲ ನೋಡ್ಕೊಂಡು ರಿಟೈರ್ ಆದವರು, ತಟ್ಟೆ ಕೈಲಿ ಹಿಡಿದು ಕೇಳಿದ್ರು.

‘ಹಾಳೆ ಹೆಕ್ಕೋದು ಯಾರು?’

ನಾನು ಹೇಳಿದೆ, ‘ತೋಟದ ಮನೆಯವರೇ ಮೇಡಂ.’

‘ಮನೆಯವರು ಅಂದ್ರೆ?’

‘ಹೆಂಗಸರು. ನಮ್ಮ ಚಿಕ್ಕಮ್ಮ ಇದ್ದಾರೆ, ಅವರು...’

‘ಅವರಿಗೆ ಎಷ್ಟು ಕೊಡ್ತೀರಿ?’

‘ಹಾಳೆ ಬಿಟ್ಟಿ ಸಿಗುತ್ತೆ ಮೇಡಂ, ತಾನಾಗೇ ಬೀಳುತ್ತೆ.’

ಅವರು ಸಿಟ್ಟು ಮಾಡ್ಕೊಳ್ಳಲಿಲ್ಲ. ತುಂಬಾ ಮೆಲ್ಲಗೆ ಹೇಳಿದ್ರು: ‘ಬೀಳೋದು ತಾನಾಗೇ ಬೀಳುತ್ತಮ್ಮ. ಏಳೋದು ತಾನಾಗೇ ಏಳಲ್ಲ. 40 ತೋಟ ಅಂದ್ರಿ. 40 ಹೆಂಗಸರು. ಆ ಸಾಲು ತುಂಬಿಸಿ, ಆಮೇಲೆ ಲಾಭ ಹೇಳಿ.’

ಇನ್ನೂ ಎರಡು ನಿಮಿಷ ಬಾಕಿ ಇತ್ತು. ಏನೇನೋ ಕೇಳಿದ್ರು, ಏನೇನೋ ಹೇಳಿದ್ವಿ. ನನಗೆ ನೆನಪಿಲ್ಲ. ಮೊದಲ ಬಹುಮಾನ ಗಾಣದ ಹುಡುಗಿಗೆ ಬಂತು. ಮನಸ್ಸು ತುಂಬಿ ಚಪ್ಪಾಳೆ ಹೊಡೆದೆ. ಮೊದಲ ಮೂರರಲ್ಲಿ ನಾವಿರಲಿಲ್ಲ.

ಸಮಾಧಾನಕ್ಕೆ ಸರ್ 1998ರ ಕಥೆ ಹೇಳಿದ್ರು. ಎಂಐಟಿ ಸ್ಪರ್ಧೆಯಲ್ಲಿ ಫೈನಲ್‌ವರೆಗೆ ಬಂದು ಗೆಲ್ಲದೇ ಹೋದ ಒಂದು ಟೀಮು ಆಮೇಲೆ ಅಕಮಾಯ್ ಕಂಪನಿ ಆಯ್ತು, ಇವತ್ತು ಇಂಟರ್ನೆಟ್‌ನ ದೊಡ್ಡ ಪಾಲು ಅವರ ಸರ್ವರ್‌ಗಳ ಮೂಲಕ ಹೋಗುತ್ತೆ ಅಂತ. ಒಳ್ಳೇ ಕಥೆ. ಆದ್ರೆ ನನ್ನ ಕಿವಿಯಲ್ಲಿ ಮೇಡಂ ಮಾತೇ ಇತ್ತು. ಸೋತಿದ್ದಕ್ಕೆ ಆಗದಿದ್ದ ಬೇಜಾರು ಅದಕ್ಕೆ ಆಗಿತ್ತು. ಚಿಕ್ಕಮ್ಮನ ಕೈ ಊಟ ಮಾಡಿ ಬೆಳೆದವಳು ನಾನು. ಅವರ ಹೆಸರು ಹೇಳಿ, ಅವರ ಫೋಟೊ ಮೊದಲ ಸ್ಲೈಡ್‌ನಲ್ಲಿ ಹಾಕಿ, ಅವರ ಕೆಲಸದ ಮುಂದೆ ಸೊನ್ನೆ ಬರೆದಿದ್ದೆ. ಬಸ್ಸಲ್ಲಿ ಹೊಸನಗರದವನು ನನ್ನ ಪಕ್ಕ ಕೂತಿದ್ದ. ಶಿವಮೊಗ್ಗ ಬರೋ ತನಕ ಒಂದು ಮಾತೂ ಇಲ್ಲ. ಇಳಿಯೋವಾಗ ಅಂದ, ‘ನಮ್ಮನೇಲಿ ಅಮ್ಮ ಹೆಕ್ಕೋದು.’

ಅದಕ್ಕೇ ಇವತ್ತು ಈ ತೋಟ, ಈ ಸ್ಟಾಪ್‌ವಾಚ್.

ಮೂರು ದಿನಕ್ಕೊಮ್ಮೆ ಹೆಕ್ತಾರೆ. ಇವತ್ತು ಸಿಕ್ಕಿದ್ದು 60 ಚೆನ್ನಾಗಿರೋ ಹಾಳೆ. ಹೆಕ್ಕಿದ್ದು, ಕಡಿದಿದ್ದು, ಮೂರು ಹೊರೆ ಮಾಡಿ ತಲೆ ಮೇಲೆ ಹೊತ್ತು ಏರು ಹತ್ತಿ ಅಂಗಳಕ್ಕೆ ತಂದಿದ್ದು, ಒಂದೊಂದಾಗಿ ಬಿಸಿಲಿಗೆ ಹರವಿದ್ದು, ಮಧ್ಯಾಹ್ನ ಮಗುಚಿ ಹಾಕಿದ್ದು, ಸಂಜೆ ಒಟ್ಟಿ ಕಟ್ಟು ಕಟ್ಟಿದ್ದು. ಎಲ್ಲ ಸೇರಿ 2 ಗಂಟೆ. ನಮ್ಮ ಕಡೆ ತೋಟದ ಕೆಲಸಕ್ಕೆ ಬರೋ ಹೆಂಗಸರಿಗೆ ಈಗ ದಿನಕ್ಕೆ 400 ಕೊಡ್ತಾರೆ. 8 ಗಂಟೆಗೆ 400 ಅಂದ್ರೆ 2 ಗಂಟೆಗೆ 100. ನೂರನ್ನ ಅರವತ್ತರಿಂದ ಭಾಗಿಸಿದ್ರೆ ಹಾಳೆಗೆ 1 ರೂಪಾಯಿ 67 ಪೈಸೆ.

ನಮ್ಮ 1.50ಕ್ಕೆ ಇದನ್ನ ಸೇರಿಸಿದ್ರೆ 3 ರೂಪಾಯಿ 17 ಪೈಸೆ. ಮಾರೋದು 3ಕ್ಕೆ. ಒಂದೊಂದು ತಟ್ಟೆಗೂ 17 ಪೈಸೆ ನಷ್ಟ.

ದಾವಣಗೆರೆ ಹುಡುಗನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದ, ‘ದೊಡ್ಡ ತಟ್ಟೆ ಕತ್ತರಿಸಿದ ಮೇಲೆ ಉಳಿಯೋ ಹಾಳೇಲಿ ಒಂದು ಸಣ್ಣ ದೊನ್ನೆ ಆಗುತ್ತಲ್ವಾ? ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ ನಾವು.’ ಈಗ ಅವನು ಅದರ ಮೇಲೆ ಕೂತಿದ್ದಾನೆ. ನಾನೂ ರೂಮ್‌ಮೇಟೂ ಕೇಟರಿಂಗ್‌ನವರ ಹತ್ರ ವಾಪಸ್ ಹೋಗ್ಬೇಕು, 4 ರೂಪಾಯಿ ಕೇಳೋಕೆ. ಕೊಡ್ತಾರೋ ಇಲ್ವೋ, ಕೇಳಲೇಬೇಕು.

ಸಂಜೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಚಿಕ್ಕಮ್ಮನಿಗೆ ಆ ಸಾಲು ತೋರಿಸಿದೆ. ಸೊನ್ನೆ ಅಳಿಸಿ 1.67 ಅಂತ ಬರೆದೆ. ‘ಇದು ನಿಮ್ಮದು ಚಿಕ್ಕಮ್ಮ. ಸರಿ ಇದೆಯಾ, ಹೇಳಿ.’

ಕನ್ನಡಕ ಹಾಕ್ಕೊಂಡು ಹತ್ರ ಬಂದು ನೋಡಿದ್ರು. ನಾನು, ಅಯ್ಯೋ ಇದಕ್ಕೆಲ್ಲ ದುಡ್ಡು ಯಾಕೆ ಅಂತಾರೇನೋ ಅಂದ್ಕೊಂಡಿದ್ದೆ. ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದ್ರು.

‘ಇದು ಬೇಸ್ಗೆ ರೇಟು ಮಾರಾಯ್ತಿ. ಮಳೆಗಾಲದ್ದು ಬೇರೆ ಬರ್ಕೊ. ಆವಾಗ ಒಂದೊಂದು ಹಾಳೆ ಎತ್ತೋಕೂ ಎರಡೆರಡು ಇಂಬಳ ಕಾಲಿಗೆ ಹತ್ತಿರ್ತಾವೆ. ಒಣಗ್ಸೋದೂ ಒಲೆ ಮೇಲೇ.’

ಒಂದು ಹೊಸ ಸಾಲು ಸೇರಿಸಿದೆ. ‘ಹಾಳೆ, ಮಳೆಗಾಲ’. ‘ಎಷ್ಟು ಹಾಕ್ಲಿ?’ ಅಂದೆ.

‘ತಡಿ, ಯೋಚ್ನೆ ಮಾಡಿ ಹೇಳ್ತೀನಿ’ ಅಂತ ಕಟ್ಟು ಎತ್ಕೊಂಡು ಅಟ್ಟದ ಏಣಿ ಹತ್ತಿದ್ರು.