‘ಬರ್ತೇನಿ’ ಅನ್ನದ ಹಾಡು

ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೋದಲ್ಲಿ 38 ವರ್ಷ ಇದ್ದು ನಾಡಿದ್ದು ಗದಗಿಗೆ ಹೊರಟವನಿಗೆ ‘ವಿದಾಯದ ಹಾಡು’ ಅಂತ ವಿಷಯ ಕೊಟ್ಟಿದ್ದೀರಿ. ಅಳಿಸಲೇಬೇಕು ಅಂತ ನಿರ್ಧಾರ ಮಾಡಿದ ಹಾಗಿದೆ. ಚೀಟಿಯಲ್ಲಿ ಐದು ಅಂಶ ಬರೆದುಕೊಂಡು ಬಂದಿದ್ದೇನೆ, ನೋಡೋಣ.

ಹಾಡು ನಿಮಗೆ ಗೊತ್ತು. ‘ಅದೇವ್ಸ್ ಕೊರ್ಚೊ ವೇಳ್ ಪಾವ್ಲೊ’, ವಿದಾಯ ಹೇಳುವ ಹೊತ್ತು ಬಂತು. ತೊರ್ಕ್ವಾತೊ ದ ಫಿಗೆರೇದೊ ಕಟ್ಟಿದ ಮಾಂಡೊ, ಅಂದರೆ ಗೋವಾದ ಕೊಂಕಣಿ ಹಾಡು-ಕುಣಿತ. ನಾನು ಮೊದಲು ಕೇಳಿದ್ದು ಸಹೋದ್ಯೋಗಿಯ ಮಗಳ ಮದುವೆಯಲ್ಲಿ. ಊಟ ಮುಗಿದಿತ್ತು. ಒಬ್ಬ ಮುದುಕ ಘುಮಟ್ ಬಾರಿಸುತ್ತಿದ್ದ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆಗೆದಂತೆ ದನಿ ಒಳಗಿನಿಂದ ನರಳುತ್ತೆ. ಹಿಂದೆ ಉಡದ ಚರ್ಮ ಇತ್ತು, ಈಗ ಮೇಕೆಯದು. ಉಡ ಬದುಕಿತು, ಮೇಕೆಯನ್ನು ಕೇಳೋರಿಲ್ಲ.

ಸಾಲೆಲ್ಲ ಕೊಂಕಣಿ, ಮೊದಲ ಪದ ಮಾತ್ರ ಪೋರ್ತುಗೀಸ್. ಅದೇವ್ಸ್ ಅಂದರೆ ‘ದೇವರಿಗೆ’. ನಿನ್ನನ್ನು ದೇವರಿಗೆ ಒಪ್ಪಿಸಿದೆ ಅಂತ. 450 ವರ್ಷ ಪೋರ್ತುಗೀಸರು ಇಲ್ಲಿ ಆಳಿದರಲ್ಲ, ಪದ ಬಂತು ಅಂತೀರಿ. ಸರಿ. ನನ್ನ ಗುಮಾನಿ ಬೇರೆ. ಹೊರಡುವಾಗ ಕೊಂಕಣಿಗರು ಏನಂತಾರೆ? ‘ಯೆತಾಂ’. ಬರ್ತೀನಿ! ವಾಪಸ್ ಬರದವನಿಗೆ ಆ ಮಾತು ಬಾಯಿಗೆ ಬರಲ್ಲ, ಸಾಲ ತರಬೇಕು.

1986ರಲ್ಲಿ ಗದಗ ಸ್ಟೇಷನ್. ಮೀಟರ್ ಗೇಜ್ ಗಾಡಿ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಿಟಕಿಯೊಳಗೆ ತುರುಕಿದಳು. ನಾನು ಸುಮ್ನೆ ‘ಹೋಗ್ತೇನಿ ಯವ್ವಾ’ ಅಂದುಬಿಟ್ಟೆ. “ಹೋಗ್ತೇನಿ ಅಂತಾರೇನ? ಇಳಿ ಕೆಳಗ!” ಇಳಿದೆ. “ಕಾಲು ಮುಟ್ಟಿ ಬರ್ತೇನಿ ಅನ್ನು.” ಕಾಲು ಮುಟ್ಟಿದೆ. ಅಷ್ಟರಲ್ಲಿ ಗಾಡಿ ಹೊರಟಿತು, ರೊಟ್ಟಿ ಸಮೇತ. ಮಾರನೇ ದಿನ ಮತ್ತೆ ಸ್ಟೇಷನ್, ಮತ್ತೆ ರೊಟ್ಟಿ. ಆ ದಿನ ಮೂರು ಸಲ ಬರ್ತೇನಿ ಅಂದೆ.

ಅದಕ್ಕೇ ಹೇಳೋದು, ಪದ ಸಾಲ ತಂದದ್ದು ಅಂತ. ಗೋವಾದವರು ಮುಂಬೈ, ಕರಾಚಿ, ಆಫ್ರಿಕಾ ಅಂತ ಹಡಗು ಹತ್ತಿದರು. ಹಡಗಿನವನು ಯಾವ ಧೈರ್ಯದಲ್ಲಿ ‘ಯೆತಾಂ’ ಅನ್ನಬೇಕು? ಇಲ್ಲೇ ವಾಸ್ಕೋದ ಬೈನಾ, ಝುವಾರಿನಗರದಲ್ಲಿರುವ ನಮ್ಮ ಕನ್ನಡದವರಿಗೆ ಇಂಥ ಹಾಡು ಬೇಕಾಗಲಿಲ್ಲ. ದೂಧಸಾಗರ ದಾಟಿದರೆ ಕ್ಯಾಸಲ್ ರಾಕ್, ಅಲ್ಲಿಂದ ನಮ್ಮದೇ ಸೀಮೆ. ಜಾತ್ರೆಗೊಮ್ಮೆ ಹೋಗಿ ಬಂದರಾಯ್ತು, ಅಲ್ವಾ?

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಚೀಟಿಯಲ್ಲಿ ಇನ್ನೂ ಮೂರು ಅಂಶ ಇವೆ: ಮಾಂಡೊದ ತಾಳ, ಎದುರುಬದುರು ಸಾಲು ನಿಂತು ಕುಣಿಯೋದು, ನಮ್ಮ ಸೋಬಾನೆ. ಚೀಟಿ ಅವರಿಗೇ ಕೊಡ್ತೀನಿ.

ಒಂದೇ ಮಾತು. ನಿನ್ನೆ ಬೀಗದಕೈ ಒಪ್ಪಿಸೋಕೆ ಮನೆ ಯಜಮಾನಿ ಹತ್ತಿರ ಹೋಗಿದ್ದೆ. ವಯಸ್ಸು ಎಂಬತ್ತು ದಾಟಿದೆ. ಜಾಣತನ ತೋರಿಸೋಕೆ ‘ಅದೇವ್ಸ್’ ಅಂದೆ. ಅಜ್ಜಿ ಬೀಗದಕೈ ತೆಗೆದುಕೊಳ್ಳಲೇ ಇಲ್ಲ. “ಯೆತಾಂ ಮ್ಹಣ್ ರೆ!” ಬರ್ತೀನಿ ಅನ್ನೋ ಅಂತ.

ನಾಡಿದ್ದು ಗಾಡಿ. ಟಿಕೆಟ್ ರಿಸರ್ವ್ ಆಗಿದೆ. ದಯವಿಟ್ಟು ಯಾರೂ ನನ್ನನ್ನ ಕೆಳಗೆ ಇಳಿಸಬೇಡಿ.